1820ರ ಅಮೆರಿಕ: ಸರ್ಕಾರಿ ಜಮೀನು 2 ಡಾಲರಿನಿಂದ 1.25ಕ್ಕೆ ಇಳಿದಾಗ ಬಡ ರೈತನಿಗೆ ಅಗ್ಗವಾಯಿತೇ?

ಹೊಳೆಸಾಲು (ಪ್ರಶ್ನೆ):
1820ರ ಭೂ ಕಾಯ್ದೆ ಬಡವರ ಪರ ಎಂದೇ ಬಹಳ ಕಡೆ ಬರೆದಿರುತ್ತಾರೆ. ಎಕರೆಯ ಕನಿಷ್ಠ ದರ 2 ಡಾಲರಿನಿಂದ 1.25ಕ್ಕೆ ಇಳಿಯಿತು. ಸಾಮಾನ್ಯವಾಗಿ 160 ಎಕರೆಯಿದ್ದ ಕನಿಷ್ಠ ತುಂಡು 80 ಎಕರೆಯಾಯಿತು. ಆದರೆ ಅದೇ ಕಾಯ್ದೆ ಕಂತಿನ ವ್ಯವಸ್ಥೆಯನ್ನೂ ಕಿತ್ತುಹಾಕಿತಲ್ಲ? ಇಂಡಿಯಾನಾ ಕಡೆ ಹೊರಟ ರೈತ ಕೈಯಲ್ಲಿ ಎಷ್ಟು ದುಡ್ಡು ಹಿಡಿದು ಹೋಗಬೇಕಿತ್ತು? ಇನ್ನೊಂದು ವಿಷಯ: ದುಡ್ಡು ಕಟ್ಟಿದ ಮೇಲೆ ಅಷ್ಟು ದೊಡ್ಡ ಕಾಡಿನಲ್ಲಿ ತನ್ನ ತುಂಡು ಯಾವುದೆಂದು ಹುಡುಕುತ್ತಿದ್ದದ್ದು ಹೇಗೆ?

ಕಂದಾಯಪುಟ:
ಲೆಕ್ಕ ಹಾಕಿಯೇ ನೋಡೋಣ.

ಕಂತಿನ ಪದ್ಧತಿ 1800ರ ಕಾಯ್ದೆಯದು. ವಾಯವ್ಯ ಪ್ರಾಂತ್ಯದ (ಓಹಿಯೊ ನದಿಯ ಉತ್ತರದ ನೆಲ) ಪ್ರತಿನಿಧಿಯಾಗಿದ್ದ ವಿಲಿಯಂ ಹೆನ್ರಿ ಹ್ಯಾರಿಸನ್ ಮುಂದೆ ನಿಂತು ಮಾಡಿಸಿದ್ದು. ಆಗ ಕನಿಷ್ಠ 320 ಎಕರೆ ಕೊಳ್ಳಬೇಕಿತ್ತು, 1804ರಲ್ಲಿ ಅದು 160 ಆಯಿತು. 160 ಎಕರೆಗೆ ಎಕರೆಗೆ 2 ಡಾಲರಿನಂತೆ 320 ಡಾಲರ್. ಕೊಳ್ಳುವಾಗ ಇಪ್ಪತ್ತರಲ್ಲೊಂದು ಭಾಗ, ಅಂದರೆ 16 ಡಾಲರ್ ಠೇವಣಿ. ನಲವತ್ತು ದಿನದೊಳಗೆ ಇನ್ನು 64 ಕಟ್ಟಿದರೆ ಮೊದಲ ಕಾಲುಭಾಗ ಮುಗಿಯಿತು. ಉಳಿದ ಮೂರು ಕಾಲುಭಾಗಗಳು, ತಲಾ 80 ಡಾಲರ್, ಎರಡು, ಮೂರು ಮತ್ತು ನಾಲ್ಕನೇ ವರ್ಷದ ಕೊನೆಗೆ. ಕಂತು ತಪ್ಪಿದರೆ ಶೇ 6 ಬಡ್ಡಿ. ಐದು ವರ್ಷವಾದರೂ ಬಾಕಿ ತೀರದಿದ್ದರೆ ಜಮೀನು ಮತ್ತೆ ಸರ್ಕಾರದ್ದು.

1820ರ ಜುಲೈ 1ರಿಂದ 80 ಎಕರೆ, ಎಕರೆಗೆ 1.25, ಪೂರ್ತಿ 100 ಡಾಲರ್ ನಗದು.

ಅಂದರೆ ಮೊದಲು 80 ಡಾಲರಿಗೆ 160 ಎಕರೆಯಲ್ಲಿ ಉಳುಮೆ ಶುರು ಮಾಡಬಹುದಿತ್ತು. ಈಗ ಅದರ ಅರ್ಧ ಜಮೀನಿಗೆ 100 ಎಣಿಸಬೇಕು. ದರ ಇಳಿಯಿತು, ಬಾಗಿಲಲ್ಲಿ ಕಟ್ಟಬೇಕಾದ ಹಣ ಏರಿತು. ಎರಡೂ ನಿಜ.

ಹತ್ತಿಬೆಲೆ:
ಲೆಕ್ಕ ಸರಿಯಾಗಿದೆ. ಆದರೆ ಕಂತಿನ ಪದ್ಧತಿ ಬಡವನ ಗೆಳೆಯನಾಗಿತ್ತು ಎಂಬ ಅರ್ಥ ಬಾರದಿರಲಿ. ಉಳಿದ 240 ಡಾಲರನ್ನು ಮರ ಕಡಿದು ಹೊಲ ಮಾಡುತ್ತಲೇ, ಬೆಳೆ ಮಾರಿ ಕಟ್ಟಬೇಕಿತ್ತು. ಬೆಳೆಯ ಬೆಲೆ ಬಿದ್ದರೆ ಕಥೆ ಮುಗಿಯಿತು. ಕೈಯಲ್ಲಿ ಇಡೀ ಬೆಲೆಯ ಕಾಲುಭಾಗ ಮಾತ್ರ ಇದ್ದವರೂ ಹರಾಜಿನಲ್ಲಿ ಬೆಲೆಯನ್ನು ಮಿತಿಮೀರಿ ಕೂಗುತ್ತಿದ್ದರು. ಅಲಬಾಮದ ಹತ್ತಿ ನೆಲ ಕನಿಷ್ಠ ದರದ ಎಷ್ಟೋ ಪಟ್ಟಿಗೆ ಹೋದದ್ದು ಹೀಗೆ. ಆ ನೆಲದ ಬಹುಪಾಲು ಕ್ರೀಕ್ ಎಂಬ ಮೂಲನಿವಾಸಿ ಜನರದು, 1814ರ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ ಸೇನಾನಿ ಆಂಡ್ರ್ಯೂ ಜಾಕ್ಸನ್ ಆ ಜನರಿಂದ 2 ಕೋಟಿಗೂ ಹೆಚ್ಚು ಎಕರೆ ಬರೆಸಿಕೊಂಡಿದ್ದ. ಒಪ್ಪಂದ, ಸರ್ವೆ, ಹರಾಜು: ಎಲ್ಲ ಕಡೆಯೂ ಇದೇ ಕ್ರಮ.

1819ರಲ್ಲಿ ಹತ್ತಿ ಬೆಲೆ ಕುಸಿಯಿತು, ಪಶ್ಚಿಮದ ಬ್ಯಾಂಕುಗಳ ನೋಟು ಕಾಗದವಾಯಿತು. 1820ರ ಹೊತ್ತಿಗೆ ಖರೀದಿದಾರರು ಸರ್ಕಾರಕ್ಕೆ ಉಳಿಸಿಕೊಂಡ ಬಾಕಿ 2 ಕೋಟಿ 10 ಲಕ್ಷ ಡಾಲರ್ ದಾಟಿತ್ತು. ಅಷ್ಟು ಮಂದಿ ಮತದಾರರನ್ನು ಎಬ್ಬಿಸಿ ಓಡಿಸುವ ಧೈರ್ಯ ಯಾವ ಕಾಂಗ್ರೆಸ್ಸಿಗೂ (ಅಮೆರಿಕದ ಸಂಸತ್ತು) ಇರಲಿಲ್ಲ. ಹಾಗಾಗಿ 1821ರಲ್ಲಿ ಪರಿಹಾರ ಕಾಯ್ದೆ ಬಂತು: ಸ್ವಲ್ಪ ಜಮೀನು ಬಿಟ್ಟುಕೊಟ್ಟರೆ ಅದಕ್ಕೆ ಕಟ್ಟಿದ ಹಣ ಉಳಿದ ಜಮೀನಿಗೆ ಜಮಾ. ಬಾಕಿಯನ್ನು ಒಂದೇ ಸಲ ತೀರಿಸುವವರಿಗೆ ಶೇ 37.5 ಕಡಿತ. 2 ಡಾಲರಿನಲ್ಲಿ ಶೇ 37.5 ಕಳೆಯಿರಿ, ಸರಿಯಾಗಿ 1.25 ಬರುತ್ತದೆ.

ಸರಪಳಿ_ಮೂವತ್ತಮೂರು:
ಎರಡನೇ ಪ್ರಶ್ನೆಗೆ ನನ್ನ ಉತ್ತರ. 1785ರ ಸುಗ್ರೀವಾಜ್ಞೆಯ ಪ್ರಕಾರ ನೆಲವನ್ನು ಬದಿಗೆ 6 ಮೈಲಿಯ ಚೌಕ ಟೌನ್‌ಶಿಪ್‌ಗಳಾಗಿ, ಪ್ರತಿಯೊಂದನ್ನೂ 640 ಎಕರೆಯ 36 ಸೆಕ್ಷನ್‌ಗಳಾಗಿ ಕತ್ತರಿಸುತ್ತಿದ್ದರು. 16ನೇ ಸೆಕ್ಷನ್ ಶಾಲೆಗೆ ಮೀಸಲು. 1796ರ ನಂತರದ ಎಣಿಕೆ ಈಶಾನ್ಯ ಮೂಲೆಯಲ್ಲಿ 1ರಿಂದ ಶುರುವಾಗಿ ಪಶ್ಚಿಮಕ್ಕೆ 6, ಅದರ ಕೆಳಗೆ 7, ಅಲ್ಲಿಂದ ಪೂರ್ವಕ್ಕೆ, ಹೀಗೆ ನೇಗಿಲು ತಿರುಗಿದಂತೆ ಸಾಗಿ ಆಗ್ನೇಯದಲ್ಲಿ 36ಕ್ಕೆ ನಿಲ್ಲುತ್ತದೆ.

ಅಳತೆ ಗಂಟರ್ ಸರಪಳಿಯದು: 66 ಅಡಿ, 100 ಕೊಂಡಿ. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ದಟ್ಟ ಕಾಡಿನಲ್ಲಿ ಅಷ್ಟುದ್ದ ಎಳೆಯುವುದು ಕಷ್ಟವೆಂದು ಅದರ ಅರ್ಧದ, 33 ಅಡಿಯ 50 ಕೊಂಡಿಯ ಸರಪಳಿ ಹಿಡಿಯುತ್ತಿದ್ದರು. ನಮ್ಮ ಗುಂಟೆಯ ಬದಿಯೂ ಅದೇ 33 ಅಡಿ.

ಮೂಲೆಗೆ ಮರದ ಗೂಟ. ಗೂಟ ಕೊಳೆಯುತ್ತದೆ, ಆದ್ದರಿಂದ ಹತ್ತಿರದ ಮರಗಳ ತೊಗಟೆ ಕೆತ್ತಿ ಗುರುತು ಹಾಕಿ, ಯಾವ ಜಾತಿಯ ಮರ, ಎಷ್ಟು ದಪ್ಪ, ಗೂಟದಿಂದ ಯಾವ ದಿಕ್ಕಿಗೆ ಎಷ್ಟು ಕೊಂಡಿ ದೂರ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಖರೀದಿದಾರ ಹುಡುಕಬೇಕಿದ್ದದ್ದು ಆ ಸಾಕ್ಷಿ ಮರಗಳನ್ನು.

ತಪ್ಪು ಬರುತ್ತಿದ್ದದ್ದು ಎಲ್ಲಿ? ಕೊಂಡಿ ಸವೆದರೆ ಸರಪಳಿ ಉದ್ದವಾಗುತ್ತದೆ, ಆಗ ಪುಸ್ತಕದ ಎಕರೆಗಿಂತ ನೆಲದ ಎಕರೆ ದೊಡ್ಡದು. ಇಳಿಜಾರಿನಲ್ಲಿ ಸರಪಳಿಯನ್ನು ಮಟ್ಟಸವಾಗಿ ಹಿಡಿಯದಿದ್ದರೆ ಇದರ ತಿರುಗುಮುರುಗು. ಕಬ್ಬಿಣದ ಅದಿರಿರುವಲ್ಲಿ ದಿಕ್ಸೂಚಿ ವಾಲುತ್ತದೆ. ಜೊತೆಗೆ, ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಆರು ಮೈಲಿ ಚದರ ಲೆಕ್ಕಕ್ಕೆ ಕೂಡುವುದೇ ಇಲ್ಲ. ಹೆಚ್ಚುಕಡಿಮೆಯನ್ನೆಲ್ಲ ಉತ್ತರ ಮತ್ತು ಪಶ್ಚಿಮ ಅಂಚಿನ ಸೆಕ್ಷನ್‌ಗಳಿಗೆ ತಳ್ಳುತ್ತಿದ್ದರು. ಹಾಗಾಗಿ 6ನೇ ಸೆಕ್ಷನ್‌ನ ವಾಯವ್ಯ ಕಾಲುಭಾಗ ಕೊಂಡವನಿಗೆ 160 ಎಕರೆ ಸಿಗುವುದು ಅಪರೂಪ.

ಹೊಳೆಸಾಲು:
ಧನ್ಯವಾದ. 100 ಡಾಲರೂ ಇಲ್ಲದವರು ಏನು ಮಾಡುತ್ತಿದ್ದರು?

ಕಂದಾಯಪುಟ:
ಬಗರ್ ಹುಕುಂ. ಸರ್ವೆಗೂ ಮೊದಲೇ ಹೋಗಿ ಗುಡಿಸಲು ಹಾಕಿ ಉಳುತ್ತಿದ್ದರು. 1807ರ ಕಾಯ್ದೆ ಇಂಥವರನ್ನು ಸೈನ್ಯ ಬಳಸಿ ಎಬ್ಬಿಸುವ ಅಧಿಕಾರ ಕೊಟ್ಟಿತ್ತು, ಆದರೆ ಕಾಡೆಲ್ಲ ಕಾಯುವಷ್ಟು ಸೈನ್ಯವಿರಲಿಲ್ಲ. ಪಶ್ಚಿಮದ ರಾಜ್ಯಗಳಿಗೆ ಸೆನೆಟ್‌ನಲ್ಲಿ ಬಲ ಬಂದಂತೆ ಕಾನೂನೇ ಅವರ ಕಡೆ ವಾಲಿತು. 1829ರಲ್ಲಿ ಸಾಗುವಳಿ ಮಾಡಿದವರಿಗೆ 1830ರ ಕಾಯ್ದೆ 160 ಎಕರೆವರೆಗೆ ಹರಾಜಿಲ್ಲದೆ ಕನಿಷ್ಠ ದರಕ್ಕೆ ಕೊಳ್ಳುವ ಹಕ್ಕು ಕೊಟ್ಟಿತು, ಅದೂ ಒಂದು ವರ್ಷದ ಮಟ್ಟಿಗೆ. 1841ರಲ್ಲಿ ಆ ಹಕ್ಕು ಕಾಯಂ ಆಯಿತು. ಕನಿಷ್ಠ ತುಂಡು ಅಷ್ಟರಲ್ಲೇ, 1832ರಲ್ಲಿ, 40 ಎಕರೆಗೆ ಇಳಿದಿತ್ತು. ಅಂದರೆ 50 ಡಾಲರ್.