ಸಹಾಯ ಬೇಕು: ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನನ್ನು ಜೊತೆಗೆ ಕುಳಿತು ಓದುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಪದವಿಯವರೆಗೂ ಕನ್ನಡ ಮಾಧ್ಯಮ. ಶಂಕರ, ರಾಮಾನುಜ, ಮಧ್ವರ ಪಾಠ ಕಷ್ಟವೆನಿಸಲಿಲ್ಲ. ಹಗ್ಗ ಹಾವಾಗಿ ಕಾಣುವ ದೃಷ್ಟಾಂತವನ್ನು ಅಜ್ಜಿಯ ಬಾಯಲ್ಲೇ ಕೇಳಿ ಬೆಳೆದವಳು ನಾನು. ತೊಡಕಿರುವುದು ಕಾಂಟ್‌ನಲ್ಲಿ.

ಶುದ್ಧ ವಿವೇಚನೆಯನ್ನು ವಿಮರ್ಶಿಸುವ ಅವನ 1781ರ ಗ್ರಂಥವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತದೆ. 7ಕ್ಕೆ 5 ಕೂಡಿದರೆ 12 ಎಂಬಲ್ಲಿಯೇ ಮೂರು ದಿನದಿಂದ ನಿಂತಿದ್ದೇನೆ. ಏಳು, ಐದು ಎಂಬ ಪರಿಕಲ್ಪನೆಗಳನ್ನು ಎಷ್ಟು ಬಿಡಿಸಿದರೂ ಅವುಗಳೊಳಗೆ ಹನ್ನೆರಡು ಸಿಗುವುದಿಲ್ಲ, ಬೆರಳನ್ನೋ ಚುಕ್ಕೆಯನ್ನೋ ಎಣಿಸಿಯೇ ಅಲ್ಲಿಗೆ ತಲುಪಬೇಕು ಎನ್ನುತ್ತಾನೆ. ನಾನೂ ಬೆರಳು ಮಡಚಿ ಎಣಿಸಿದೆ. ಆದರೆ ಎಣಿಸಿ ತಿಳಿದದ್ದು, ಅವನು ಹೇಳುವಂತೆ, ಅನುಭವಕ್ಕಿಂತ ಮೊದಲಿನ ಜ್ಞಾನ ಹೇಗಾದೀತು?

ಪದಗಳದ್ದು ಇನ್ನೊಂದು ಗೋಳು. ‘ಟ್ರಾನ್ಸೆಂಡೆಂಟ್’, ‘ಟ್ರಾನ್ಸೆಂಡೆಂಟಲ್’ ಎರಡಕ್ಕೂ ನನ್ನ ನಿಘಂಟಿನಲ್ಲಿ ‘ಅತೀತ’ ಎಂದೇ ಇದೆ. ಮೊದಲನೆಯದು ಅನುಭವದ ಗಡಿಯಾಚೆಯದು. ಎರಡನೆಯದು ಅನುಭವವೇ ಸಾಧ್ಯವಾಗಲು ಮೊದಲು ಬೇಕಾದ ಷರತ್ತುಗಳನ್ನು ಕುರಿತದ್ದು. ಎರಡಕ್ಕೂ ಒಂದೇ ಪದ ಬಳಸಿದರೆ ವಾದವೇ ತಲೆಕೆಳಗಾಗುತ್ತದೆ. ನೀವು ಯಾವ ಪದಗಳನ್ನು ಬಳಸಿದ್ದೀರಿ, ದಯವಿಟ್ಟು ತಿಳಿಸಿ.

ತತ್ತ್ವಶಾಸ್ತ್ರದ ವಿದ್ವಾಂಸರಾದ ಹಿರಿಯಣ್ಣನವರು, ರಾಧಾಕೃಷ್ಣನ್ ಅವರು ಪಾಠ ಹೇಳಿದ ಊರು ಇದು. ಹಳೆಯ ವಿದ್ಯಾರ್ಥಿಗಳ ಕನ್ನಡ ಟಿಪ್ಪಣಿ ಯಾರದಾದರೂ ಮನೆಯ ಅಟ್ಟದಲ್ಲಿ ಉಳಿದಿದ್ದರೆ ನೆರಳಚ್ಚು ಮಾಡಿಸಿಕೊಂಡು ಜೋಪಾನವಾಗಿ ಹಿಂತಿರುಗಿಸುತ್ತೇನೆ. ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಒಂದು ಗಂಟೆ ಜೊತೆಗೆ ಓದಲು ಯಾರಾದರೂ ಸಿದ್ಧರಿದ್ದರೆ ಇಲ್ಲಿಯೇ ಉತ್ತರಿಸಿ.