ಅಮ್ಮನ ಬೆನ್ನಿನ ಕೆಳಗೆ ಕೆಂಪು ಕಲೆ, ಎಣ್ಣೆ ತಿಕ್ಕಬಹುದಾ?

ಪ್ರಶ್ನೆ (ಉಡುಪಿ):
ಅಮ್ಮನ ಸೊಂಟದ ಆಪರೇಷನ್ ಆಗಿ ಆರು ದಿನ. ಮಂಗಳೂರಿನ ಆಸ್ಪತ್ರೆಯಲ್ಲಿದ್ದೇವೆ. ನಿನ್ನೆ ಮೈ ಒರೆಸುವಾಗ ಬೆನ್ನಿನ ಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಕೆಂಪು ಕಂಡಿತು. ತೆಂಗಿನೆಣ್ಣೆ ಹಾಕಿ ತಿಕ್ಕಿದೆ. ಸರಿಯಾ? ಎರಡು ಗಂಟೆಗೊಮ್ಮೆ ಹೊರಳಿಸಿದರೆ ಅವರಿಗೆ ನಿದ್ದೆಯೇ ಇಲ್ಲ.

ಉತ್ತರ (ಸ್ಟಾಫ್ ನರ್ಸ್, ಮಂಗಳೂರು):
ತಿಕ್ಕಬೇಡಿ ಅಕ್ಕ, ಒಳಗಿನ ಮಾಂಸಕ್ಕೆ ಪೆಟ್ಟಾಗ್ತದೆ. ಬೆರಳಿಂದ ಮೆಲ್ಲ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅದು ಒಂದೇ ಕಡೆ ಒತ್ತಿ ಮಲಗಿ ಆಗುವ ಹುಣ್ಣಿನ (ಬೆಡ್ ಸೋರ್) ಮೊದಲ ಹಂತ. ಈಗಲೇ ವಾರ್ಡ್ ಸಿಸ್ಟರ್‌ಗೆ ತೋರಿಸಿ. ಬ್ರೇಡನ್ ಸ್ಕೋರ್, ಅಂದ್ರೆ ಈ ಹುಣ್ಣಾಗುವ ಅಪಾಯ ಅಳೆಯುವ ಅಂಕ, ಎಷ್ಟು ಅಂತಲೂ ಕೇಳಿ. 23ಕ್ಕೆ 18 ಅಥವಾ ಕಡಿಮೆ ಇದ್ದರೆ ಅಪಾಯ ಜಾಸ್ತಿ.

ನಿದ್ದೆಯ ಚಿಂತೆ ನನಗೂ ಅರ್ಥವಾಗ್ತದೆ. 2013ರ ಟರ್ನ್ ಎಂಬ ಅಧ್ಯಯನದಲ್ಲಿ ಒಳ್ಳೆಯ ಫೋಮ್ ಹಾಸಿಗೆಯಲ್ಲಿ 2, 3, 4 ಗಂಟೆಗೊಮ್ಮೆ ಹೊರಳಿಸಿದವರಲ್ಲಿ ಹುಣ್ಣಾಗುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಅಮೆರಿಕ, ಕೆನಡಾದ ನರ್ಸಿಂಗ್ ಹೋಮ್‌ಗಳಲ್ಲಿದ್ದ, ಹುಣ್ಣಿಲ್ಲದ ಹಿರಿಯರು. ಅಮ್ಮನಿಗೆ ಆಗಲೇ ಕಲೆ ಬಿದ್ದಿದೆ ಅಲ್ವಾ? ನೀವಾಗಿ ಸಮಯ ಹೆಚ್ಚಿಸಬೇಡಿ. ಯಾವ ಕಡೆ ಹೊರಳಿಸಬಹುದು ಅಂತ ಡಾಕ್ಟರನ್ನು ಕೇಳಿ.

ಉತ್ತರ (ಕುಂದಾಪುರ):
ಹಿಮ್ಮಡಿ ಮರೀಬೇಡಿ ಮಾರಾಯ್ರೆ! ನಮ್ಮ ಅಪ್ಪನಿಗೆ ಅಲ್ಲೇ ಹುಣ್ಣಾದದ್ದು. ಮೀನಗಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಿ.

ಪ್ರಶ್ನೆ ಕೇಳಿದವರು:
ಒತ್ತಿ ನೋಡಿದೆ, ಬೆಳ್ಳಗಾಗಲಿಲ್ಲ. ಸಿಸ್ಟರನ್ನು ಕರೆದೆ. ಈಗ ಬಂದು ನೋಡ್ತಿದ್ದಾರೆ.