ಚಳಿಗಾಲದ ಭಾನುವಾರಗಳಿಗೆ ದೋಣಿ ಪಂದ್ಯ: ತುಂಗಭದ್ರೆಯಲ್ಲಿ ಆಡಿದವರ ಅನುಭವಗಳು

ಕೊಪ್ಪಳದ ಗೆಳೆಯರೊಬ್ಬರ ಕೋರಿಕೆ

ನಾವು ಐವರು ಗೆಳೆಯರು. ಎಲ್ಲರೂ ನಲವತ್ತು ದಾಟಿದವರು, ಎಲ್ಲರಿಗೂ ಈಜು ಬರುತ್ತದೆ. ನಮ್ಮಲ್ಲೊಬ್ಬರು ಹೈದರಾಬಾದಿನಲ್ಲಿದ್ದಾಗ ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸಲು ಕಲಿತರು. ಅವರ ಬಾಯಿಂದ ಅಲ್ಲಿನ ಪಂದ್ಯಗಳ ಕಥೆ ಕೇಳಿ ಕೇಳಿ ಉಳಿದ ನಾಲ್ವರಿಗೂ ಹುಚ್ಚು ಹಿಡಿದಿದೆ. ಎಳ್ಳಮಾವಾಸ್ಯೆಯಿಂದ ಶಿವರಾತ್ರಿಯವರೆಗಿನ ಭಾನುವಾರಗಳಲ್ಲಿ, ಬಹುಮಾನದ ಗೊಡವೆಯಿಲ್ಲದೆ, ನಮ್ಮ ನಮ್ಮೊಳಗೇ ಪಂದ್ಯ ಆಡಬೇಕೆಂದಿದ್ದೇವೆ. ಜಲಾಶಯದ ಹಿನ್ನೀರಿನಲ್ಲಿ ಹಾಯಿದೋಣಿ ಇಳಿಸುವುದು ಸರಿಯೇ, ಅಥವಾ ಆನೆಗೊಂದಿಯ ಕಡೆ ಹೋಗಿ ಹರಿಗೋಲಿನಲ್ಲಿ ಆಡುವುದು ಸರಿಯೇ? ಆಡಿ ಬಲ್ಲವರು ದಯವಿಟ್ಟು ತಿಳಿಸಿರಿ.

ಬಳ್ಳಾರಿಯಿಂದ

ನೌಕರಿಯ ನಿಮಿತ್ತ ಮುಂಬೈಯಲ್ಲಿದ್ದ ವರ್ಷಗಳಲ್ಲಿ ನಾನು ಸಣ್ಣ ಹಾಯಿದೋಣಿಗಳನ್ನು ನಡೆಸಿದ್ದೇನೆ. ಅಲ್ಲಿ ಮುಂಗಾರು ಮುಗಿದ ಮೇಲೆ ದೋಣಿಗಳು ನೀರಿಗೆ ಇಳಿಯುತ್ತವೆ. ಹುಸೇನ್ ಸಾಗರದ ದೊಡ್ಡ ಪಂದ್ಯಗಳಾದರೋ ಮುಂಗಾರಿನ ಗಾಳಿಯನ್ನೇ ನಂಬಿಕೊಂಡು ಜುಲೈ ಹೊತ್ತಿಗೆ ನಡೆಯುತ್ತವೆ. ತಮ್ಮ ಗೆಳೆಯರು ಅಲ್ಲಿ ಕಂಡ ಗಾಳಿ ಪುಷ್ಯ ಮಾಸದ ಕೊಪ್ಪಳದಲ್ಲಿ ಸಿಗುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಒಂಬತ್ತರವರೆಗೆ ನೀರು ಕನ್ನಡಿಯಂತೆ ಇರುತ್ತದೆ, ಹಾಯಿ ಒಣಹಾಕಿದ ಸೀರೆಯಂತೆ ಜೋತು ಬೀಳುತ್ತದೆ. ಬಿಸಿಲೇರಿದ ಮೇಲೆ ಮೂಡಗಾಳಿ ಏಳುತ್ತದೆ, ಅಪಾಯವೂ ಆಗಲೇ ಶುರುವಾಗುತ್ತದೆ. ಅಣೆಕಟ್ಟು ಜಲಾಶಯದ ಈಶಾನ್ಯದ ತುದಿಯಲ್ಲಿದೆ. ಮುನಿರಾಬಾದಿನ ದಡದಲ್ಲಿ ನಿಂತರೆ ಗಾಳಿ ಬೆನ್ನಿನ ಕಡೆಯಿಂದ ಬರುವುದರಿಂದ ದಡದ ಬಳಿ ಅಲೆಯೇ ಕಾಣುವುದಿಲ್ಲ. ಆ ಶಾಂತಿಯನ್ನು ನಂಬಿ ಇಳಿದವರನ್ನು ಗಾಳಿ 378 ಚದರ ಕಿಲೋಮೀಟರಿನ ನೀರಿನ ನಡುವಿಗೆ ನೂಕುತ್ತದೆ, ಅಲ್ಲಿಂದ ಹಿಂದಿರುಗುವಾಗ ಪ್ರತಿ ಗಜವನ್ನೂ ಗಾಳಿಗೆ ಎದುರಾಗಿ ಓರೆಯೋರೆಯಾಗಿಯೇ ಗೆಲ್ಲಬೇಕು. ಒಬ್ಬರೇ ನಡೆಸುವ ಲೇಸರ್ ದೋಣಿಯ ಒಡಲು 59 ಕೆ.ಜಿ. ತೂಗುತ್ತದೆ, ಮಗುಚಿದರೆ ಅದನ್ನು ಎತ್ತಿ ನಿಲ್ಲಿಸುವುದನ್ನು ಐವರೂ ಕಲಿತಿರಬೇಕು, ಒಬ್ಬರು ಕಲಿತಿದ್ದರೆ ಸಾಲದು. ಜೊತೆಗೆ ಇಂಜಿನ್ ದೋಣಿಯೊಂದು ಕಾವಲಿಗೆ ಇಲ್ಲದಿದ್ದರೆ ಈ ಆಸೆಯನ್ನು ಬಿಡುವುದೇ ಲೇಸು. ತುಂಗಭದ್ರಾ ಮಂಡಳಿಯ ಅನುಮತಿಯೂ ಬೇಕು.

ಮುನಿರಾಬಾದಿನಿಂದ

ನಾವು ಮೀನು ಹಿಡಿಯುವ ಮನೆತನದವರು. ಬಳ್ಳಾರಿಯವರು ಗಾಳಿಯ ಬಗ್ಗೆ ಹೇಳಿದ್ದು ದಿಟ, ಆದರೆ ಕೆಸರಿನ ಮಾತು ಅವರು ಎತ್ತಲಿಲ್ಲ. ಕಾಲುವೆಗಳಿಗೆ ನೀರು ಬಿಡುತ್ತ ಹೋದಂತೆ ಹಿನ್ನೀರು ದಿನದಿನಕ್ಕೆ ಹಿಂದೆ ಸರಿಯುತ್ತದೆ. ಹಿಂದೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ 105ರ ಆಸುಪಾಸು ನಿಲ್ಲುತ್ತದೆಯೆಂದರೆ ಉಳಿದ ಜಾಗದಲ್ಲಿ ಏನು ತುಂಬಿದೆ ಎಂಬುದನ್ನು ನೀವೇ ಊಹಿಸಿಕೊಳ್ಳಿರಿ. ದೋಣಿ ಇಳಿಸುವ ದಡದಲ್ಲಿ ಮೊಣಕಾಲು ಮಟ್ಟ ಹೂಳು ಇರುತ್ತದೆ. ಕಳೆದ ವಾರ ಇಳಿದ ಜಾಗದಲ್ಲಿ ಈ ವಾರ ಇಳಿಯಲು ಆಗುವುದಿಲ್ಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿನ್ನೀರಿಗೆ ಬಂದು ಇಳಿಯುತ್ತವೆ. ಅವುಗಳ ಹಿಂಡಿನ ಕಡೆಗೆ ದೋಣಿ ಓಡಿಸಬೇಡಿರಿ.

ಗಂಗಾವತಿಯಿಂದ

ನಾವು ಆರು ಮಂದಿ ಸತತ ನಾಲ್ಕು ಚಳಿಗಾಲ ಹರಿಗೋಲಿನ ಪಂದ್ಯ ಆಡಿದ್ದೇವೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿಯ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ತೊಗಲಿನ ಬದಲು ಈಗ ಪ್ಲಾಸ್ಟಿಕ್ ಚೀಲದ ಮೇಲೆ ಡಾಂಬರು ಬಂದಿದೆಯೇ ಹೊರತು ತಿರುಗುವ ಗುಣ ಹೋಗಿಲ್ಲ. ಮೊದಲ ದಿನ ನಾನು ಬಲಗಡೆ ಹುಟ್ಟು ಹಾಕಿದೆ, ಹರಿಗೋಲು ಎಡಕ್ಕೆ ಸುತ್ತಿತು. ಎಡಗಡೆ ಹಾಕಿದೆ, ಬಲಕ್ಕೆ ಸುತ್ತಿತು. ಹತ್ತು ನಿಮಿಷ ಕಳೆದರೂ ದಡದ ಅದೇ ಬಂಡೆ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ದಡದಲ್ಲಿ ಬೀಡಿ ಸೇದುತ್ತ ಕುಳಿತಿದ್ದ ಅಂಬಿಗ ಅಜ್ಜ, "ತಮ್ಮಾ, ನೀರು ಹಿಂದಕ್ಕ ನೂಕಬ್ಯಾಡ, ಮುಂದಿಂದ ನಿನ್ನ ಕಡೀಗೆ ಎಳಕೋ" ಎಂದರು. ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಮೊಣಕಾಲೂರಿ, ಹುಟ್ಟನ್ನು ಮುಂದೆ ಅದ್ದಿ, ಅತ್ತಿಂದಿತ್ತ ತಿರುವುತ್ತ ನೀರನ್ನು ಎದೆಯ ಕಡೆಗೆ ಎಳೆಯಬೇಕು. ಅದು ಕೈಗೆ ಹತ್ತಲು ನಮಗೆ ಮೂರು ಭಾನುವಾರ ಹಿಡಿದವು.

ಒಂದರಲ್ಲಿ ಇಬ್ಬರು ಕುಳಿತರೆ ಒಳ್ಳೆಯದು. ಒಬ್ಬರೇ ಕುಳಿತರೆ ಹರಿಗೋಲು ನೀರಿನ ಮೇಲೆ ಎತ್ತರಕ್ಕೆ ತೇಲಿ, ಗಾಳಿ ಅದನ್ನು ತರಗೆಲೆಯಂತೆ ಒಯ್ಯುತ್ತದೆ. ಪ್ರತಿ ಸುತ್ತಿಗೂ ಹರಿಗೋಲುಗಳನ್ನು ಅದಲು ಬದಲು ಮಾಡಿಕೊಳ್ಳಿರಿ, ಇಲ್ಲದಿದ್ದರೆ ಸೋತವರೆಲ್ಲ ತಮಗೆ ಸೋರುವುದನ್ನೇ ಕೊಟ್ಟರೆಂದು ವರ್ಷವಿಡೀ ಗೊಣಗುತ್ತಾರೆ. ಅಂಕಗಳಿಗೆ ಹಾಯಿದೋಣಿಯವರ ಕ್ರಮವನ್ನೇ ಅನುಸರಿಸಿದೆವು: ಮೊದಲಿಗರಿಗೆ ಒಂದು, ಎರಡನೆಯವರಿಗೆ ಎರಡು, ಕೊನೆಗೆ ಅತಿ ಕೆಟ್ಟ ಸುತ್ತನ್ನು ಬಿಟ್ಟು ಕೂಡಿಸಿ ಕಡಿಮೆ ಬಂದವರು ಗೆದ್ದಂತೆ. ಆದರೆ ಸುತ್ತಿ ಬರಬೇಕಾದ ಗುರುತಿನ ತೇಲುಬುರುಡೆಯನ್ನು ತಾಗಿದರೆ ಒಂದು ಸುತ್ತು ತಿರುಗಬೇಕೆಂಬ ಅವರ ದಂಡನೆ ನಮ್ಮಲ್ಲಿ ನಡೆಯಲಿಲ್ಲ. ಹರಿಗೋಲಿಗೆ ಸುತ್ತು ತಿರುಗುವುದು ದಂಡನೆಯೇ? ಅದಕ್ಕೆ ಬದಲಾಗಿ, ತಾಗಿದವರು ಐವತ್ತು ಎಣಿಸುವವರೆಗೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕೆಂದು ಮಾಡಿದೆವು.

ಗುರುತಿಗೆ ಬಿಳಿ ಥರ್ಮಾಕೋಲನ್ನು ಮಾತ್ರ ಬಳಸಬೇಡಿರಿ. ಎರಡನೆಯ ವರ್ಷ ನಾವು ಹಾಗೆ ಮಾಡಿ, ನಮ್ಮವರೊಬ್ಬರು ಮೀನುಗಾರರ ಬಲೆಯ ತೇಲುಗುಂಡನ್ನೇ ನಮ್ಮ ಗುರುತೆಂದು ಸುತ್ತಿ ಬಂದು, ಹುಟ್ಟಿಗೆ ಬಲೆ ಸುತ್ತಿಕೊಂಡು, ಬಿಡಿಸುವ ಭರದಲ್ಲಿ ಅರ್ಧ ಬಲೆ ಹರಿದರು. ಪಂದ್ಯ ಅಲ್ಲಿಗೇ ನಿಂತಿತು. ಎಲ್ಲರೂ ಸೇರಿ ಬಲೆಯ ಹಣ ಕೊಟ್ಟೆವು. ಈಗ ಹಳದಿ ಎಣ್ಣೆ ಡಬ್ಬಿಗೆ ಹಗ್ಗದಿಂದ ಕಲ್ಲು ಕಟ್ಟಿ ಬಿಡುತ್ತೇವೆ, ಸಂಜೆ ತಪ್ಪದೆ ತೆಗೆಯುತ್ತೇವೆ.

ಬಯಲು ನೀರಿಗಿಂತ ನದಿ ಕ್ಷೇಮವೆಂದು ತಿಳಿಯಬೇಡಿರಿ. ಚಳಿಗಾಲದಲ್ಲಿ ಹೊಳೆ ಇಳಿದಾಗ ಬಂಡೆಗಳು ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೆ ಕಾದು ಕುಳಿತಿರುತ್ತವೆ, ಬಂಡೆಗಳ ಸಂದಿಯಲ್ಲಿ ಸೆಳವು ಜೋರು, ಮಡುಗಳಲ್ಲಿ ಮೊಸಳೆಗಳೂ ಇವೆ. ಮೇಲಿನಿಂದ ನೀರು ಬಿಡುವ ಸುದ್ದಿಯನ್ನು ಹಿಂದಿನ ಸಂಜೆಯೇ ವಿಚಾರಿಸಿರಿ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದಾಗ ಕೆಳಗಿನ ಹೊಳೆ ಎಷ್ಟು ಬೇಗ ಏರಿತೆಂಬುದನ್ನು ಈ ಭಾಗದವರು ಮರೆತಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವಾಗಿರುವುದರಿಂದ ಅರಣ್ಯ ಇಲಾಖೆಯವರನ್ನೂ ಕೇಳಬೇಕು. ಸಣಾಪುರದ ಕೆರೆಯಲ್ಲಿ ಕಲಿಯುವುದು ಸುಲಭ, ಆದರೆ ಅಲ್ಲಿ ಹರಿಗೋಲು ಬಿಡುವುದನ್ನು ಆಡಳಿತ ಆಗಾಗ ನಿಲ್ಲಿಸುತ್ತದೆ, ಕೇಳಿಕೊಂಡು ಹೋಗಿರಿ. ಅಂಬಿಗರೊಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಇಟ್ಟುಕೊಳ್ಳಿರಿ. ಅವರು ಬೇಡವೆಂದ ದಿನ ಇಳಿಯಬೇಡಿರಿ.

ಗಂಗಾವತಿಯಿಂದಲೇ, ಶಿಕ್ಷಕಿಯೊಬ್ಬರು

ಮೇಲೆ ಬರೆದವರ ತಂಡದಲ್ಲಿ ನಾನೂ ಇದ್ದೆ; ಬಲೆ ಹರಿದವಳು ನಾನೇ. ಎರಡು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಚಳಿ ಎಷ್ಟರದು ಎಂದು ನಗುವವರು ಒದ್ದೆ ಬಟ್ಟೆಯಲ್ಲಿ ಮೂಡಗಾಳಿಗೆ ಅರ್ಧ ಗಂಟೆ ಕುಳಿತು ನೋಡಬೇಕು. ಬೆರಳುಗಳು ಹುಟ್ಟು ಹಿಡಿಯದಂತಾಗುತ್ತವೆ. ಒಣಬಟ್ಟೆಯ ಗಂಟು ದಡದಲ್ಲಿರಲಿ, ಜೀನ್ಸ್ ಬೇಡ. ಎಲ್ಲರಿಗೂ ಈಜು ಬರುತ್ತದೆಯೆಂದು ಬರೆದಿದ್ದೀರಿ, ಆದರೂ ಲೈಫ್ ಜಾಕೆಟ್ ಮೈಮೇಲೆ ಬಿಗಿದಿರಬೇಕು, ಹರಿಗೋಲಿನ ತಳದಲ್ಲಿ ದಿಂಬಾಗಿ ಬಿದ್ದಿರಬಾರದು. ವಗ್ಗರಣಿ, ಮಿರ್ಚಿ ಪಂದ್ಯ ಮುಗಿದ ಮೇಲೆ ಇರಲಿ. ಮೊದಲೇ ತಿಂದು ಬಾಗಿ ಹುಟ್ಟು ಹಾಕಿದವರ ಪಾಡನ್ನು ನಾನು ಬರೆಯಲಾರೆ.

ಕೋರಿಕೆಯಿಟ್ಟವರು

ಎಲ್ಲರಿಗೂ ವಂದನೆಗಳು. ಹಾಯಿಯ ಆಸೆಯನ್ನು ಈ ವರ್ಷಕ್ಕೆ ಮಡಿಸಿಟ್ಟು ಹರಿಗೋಲಿನಿಂದಲೇ ತೊಡಗುತ್ತೇವೆ. ಬಂಡೆಗೆ ತಾಗಿ ತಳ ಸೋರಿದರೆ ನೀರಿನ ನಡುವೆ ಏನು ಮಾಡಬೇಕು?

ಗಂಗಾವತಿಯಿಂದ

ಪ್ರತಿ ಹರಿಗೋಲಿನಲ್ಲೂ ಬಾಯಿ ಕತ್ತರಿಸಿದ ಡಬ್ಬಿಯೊಂದು ದಾರದಿಂದ ಕಟ್ಟಿರಲಿ. ಸೋರತೊಡಗಿದರೆ ಹುಟ್ಟು ಹಾಕುವವರು ಹಾಕುತ್ತಲೇ ಇರಬೇಕು, ಇನ್ನೊಬ್ಬರು ನೀರು ಮೊಗೆದು ಚೆಲ್ಲಬೇಕು, ಪಂದ್ಯ ಬಿಟ್ಟು ಹತ್ತಿರದ ದಡ ಸೇರಬೇಕು. ದಡದಲ್ಲಿ ಮಗುಚಿ ಹಾಕಿ, ಬಿಸಿಲಿಗೆ ಪೂರ್ತಿ ಒಣಗಿದ ಮೇಲೆ, ಹಳೆಯ ಗೊಬ್ಬರದ ಚೀಲದ ತುಂಡನ್ನು ಕಾಯಿಸಿದ ಡಾಂಬರಿನಲ್ಲಿ ಒತ್ತಿ ಹಚ್ಚಿರಿ. ಹಸಿಯಿರುವಾಗ ಹಚ್ಚಿದರೆ ಮರುವಾರ ಅದೇ ಜಾಗದಲ್ಲಿ ಏಳುತ್ತದೆ.